ಮೆಷಿನ್‌ಗೂ ಉಸಿರು ಬೇಕು, ಹಿಡಿದವನಿಗೂ ಬೇಕು

ಸುಲ್ತಾನ್ ಬತ್ತೇರಿ: ಮಳೆ ನಿಂತು ಬಿಸಿಲು ಹಿಡಿದರೆ ವಯನಾಡಿನಲ್ಲಿ ಎರಡು ಕೆಲಸ ಜೋರಾಗುತ್ತವೆ. ಒಂದು ಕಾಫಿ ಕೊಯ್ಲು, ಇನ್ನೊಂದು ಮನೆ ಕೆಲಸ. ಬತ್ತೇರಿ, ಪುಲ್ಪಳ್ಳಿ, ಮಾನಂತವಾಡಿ, ಕಲ್ಪೆಟ್ಟ ಎಲ್ಲಿ ಹೋದರೂ ಟೈಲ್ಸ್ ಕತ್ತರಿಸುವ ಕಟ್ಟರ್, ಕಬ್ಬಿಣ ಉಜ್ಜುವ ಗ್ರೈಂಡರ್‌ಗಳ ಕಿರಿಚಾಟ. 2024ರ ಜುಲೈ 30ರಂದು ಮುಂಡಕೈ, ಚೂರಲ್‌ಮಲ ಭಾಗದಲ್ಲಿ ಸಂಭವಿಸಿದ ಭೂಕುಸಿತದ ನಂತರ ಜಿಲ್ಲೆಯಲ್ಲಿ ಮನೆ ಕಟ್ಟುವ ಮಾತೇ ದೊಡ್ಡದಾಯಿತು. ಕಲ್ಪೆಟ್ಟದ ಎಲ್‌ಸ್ಟನ್ ಎಸ್ಟೇಟಿನಲ್ಲಿ ಸಂತ್ರಸ್ತರ ಟೌನ್‌ಶಿಪ್‌ಗೆ 2025ರ ಮಾರ್ಚ್ 27ರಂದು ಶಿಲಾನ್ಯಾಸ ನಡೆಯಿತು.

ಇಂತಹ ಕೆಲಸದ ಜಾಗಗಳಲ್ಲಿ ಪದೇ ಪದೇ ಕೇಳಿಬರುವ ಒಂದು ಮಾತಿದೆ: 'ಮೆಷಿನ್ ಸುಟ್ಟೋಯ್ತು ಕಣಪ್ಪ'. ಅದರ ಬೆನ್ನಿಗೇ ಇನ್ನೊಂದು: 'ಕಂಪನಿ ಮಾಲು ಸರಿಯಿಲ್ಲ, ಡೂಪ್ಲಿಕೇಟ್ ಕೊಟ್ಟವ್ನೆ'. ಕೆಲವೊಮ್ಮೆ ಅದೂ ನಿಜವಿರಬಹುದು. ಆದರೆ ಎಷ್ಟೋ ಮೆಷಿನ್‌ಗಳು ಸಾಯುವುದು ಉಸಿರು ಕಟ್ಟಿ. ಅದಕ್ಕೆ ಹಿಡಿದವನೊಬ್ಬನನ್ನೇ ಹೊಣೆ ಮಾಡುವುದೂ ಸರಿಯಲ್ಲ.

ಒಳಗೆ ಆಗುವುದೇನು?

ಕೈಯಲ್ಲಿ ಹಿಡಿಯುವ ಗ್ರೈಂಡರ್‌ನ ಮೋಟಾರ್‌ಗೂ ಕಾಫಿ ಪಲ್ಪರ್‌ಗೆ ಹಾಕುವ ಮೋಟಾರ್‌ಗೂ ವ್ಯತ್ಯಾಸವಿದೆ. ಪಲ್ಪರ್ ಮೋಟಾರ್ ಸಾಮಾನ್ಯವಾಗಿ ಪೂರ್ತಿ ಮುಚ್ಚಿದ ಡಬ್ಬಿಯಂತಿರುತ್ತದೆ. ಹಿಂದಿನ ಫ್ಯಾನು ಹೊರಮೈಗೆ ಮಾತ್ರ ಗಾಳಿ ಬೀಸುತ್ತದೆ, ಒಳಗೆ ಧೂಳು ಹೋಗುವುದು ಕಡಿಮೆ. ಕೈ ಮೆಷಿನ್ ಹಗುರವಾಗಿರಬೇಕು, ಆದ್ದರಿಂದ ಅದರ ಮೈ ತೆರೆದಿರುತ್ತದೆ. ಆರ್ಮೇಚರ್‌ನ ಶಾಫ್ಟ್‌ಗೇ ಸಣ್ಣ ಫ್ಯಾನ್ ಇರುತ್ತದೆ. ಅದು ಹಿಂದಿನ ತೂತುಗಳಿಂದ ಗಾಳಿ ಎಳೆದು, ಕಾರ್ಬನ್ ಬ್ರಷ್, ಕಾಯಿಲ್‌ಗಳ ಮೇಲೆ ಹಾಯಿಸಿ, ಮುಂದಿನ ಗೇರ್ ಕಡೆಯಿಂದ ಹೊರಗೆ ಬಿಡುತ್ತದೆ. 4 ಇಂಚಿನ ಗ್ರೈಂಡರ್ ಲೋಡ್ ಇಲ್ಲದಾಗ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅಷ್ಟು ವೇಗದಲ್ಲಿ ಎಳೆಯುವ ಗಾಳಿಯ ಜೊತೆಗೆ ಸುತ್ತಲಿನ ಧೂಳೂ ಒಳಗೆ ನುಗ್ಗುತ್ತದೆ.

ಟೈಲ್ಸ್, ಕರಿಕಲ್ಲಿನ ಧೂಳು ಮರಳು ಕಾಗದದ ಹಾಗೆ ಕಾಯಿಲ್ ಮೇಲಿನ ಎನಾಮಲ್ ಉಜ್ಜುತ್ತದೆ, ಬೇರಿಂಗ್ ತಿನ್ನುತ್ತದೆ. ಮರದ ಹುಡಿ ತೂತಿನಲ್ಲಿ ಗಂಟು ಕಟ್ಟುತ್ತದೆ. ಕಬ್ಬಿಣದ ಪುಡಿ ಕರೆಂಟಿಗೇ ದಾರಿ ಮಾಡಿಕೊಡುತ್ತದೆ, ಶಾರ್ಟ್ ಆಗುತ್ತದೆ, ಮೈಗೆ ಕರೆಂಟ್ ಹೊಡೆಯುವ ಭಯವೂ ಇದೆ. ವಯನಾಡಿನ ಮಂಜು, ತೇವ ಸೇರಿದರಂತೂ ಆ ಧೂಳು ಒಳಗೇ ಗಾರೆಯಾಗಿ ಅಂಟುತ್ತದೆ. ಕಾಯಿಲ್‌ಗೆ ಕಂಬಳಿ ಹೊದಿಸಿದ ಹಾಗೆ, ಬಿಸಿ ಹೊರಗೆ ಹೋಗುವುದಿಲ್ಲ.

ಕಾಯಿಲ್‌ನ ನಿರೋಧಕಕ್ಕೂ ತಾಳುವ ಮಿತಿ ಇದೆ. 'ಬಿ' ದರ್ಜೆಯದು 130 ಡಿಗ್ರಿ ಸೆಲ್ಸಿಯಸ್, 'ಎಫ್' ದರ್ಜೆಯದು 155 ಡಿಗ್ರಿ. ಮಿತಿ ದಾಟಿ ಹೆಚ್ಚುವ ಪ್ರತಿ 10 ಡಿಗ್ರಿಗೆ ಅದರ ಆಯುಷ್ಯ ಸುಮಾರು ಅರ್ಧವಾಗುತ್ತದೆ ಎಂಬುದು ಎಲೆಕ್ಟ್ರಿಕಲ್ ಓದಿದವರಿಗೆ ಗೊತ್ತಿರುವ ಲೆಕ್ಕ. ಸುಟ್ಟ ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

ಒತ್ತಿದಷ್ಟೂ ನಷ್ಟ

ಬೇಗ ಮುಗಿಯಲಿ ಎಂದು ಮೆಷಿನ್ ಮೇಲೆ ಭಾರ ಹಾಕಿದರೆ ಏನಾಗುತ್ತದೆ? ಸುತ್ತು ಕಡಿಮೆಯಾಗುತ್ತದೆ, ಕರೆಂಟ್ ಹೆಚ್ಚು ಎಳೆಯುತ್ತದೆ. ಫ್ಯಾನ್ ಇರುವುದು ಅದೇ ಶಾಫ್ಟ್‌ನಲ್ಲಿ. ಬಿಸಿ ಏರುವ ಹೊತ್ತಿನಲ್ಲೇ ಗಾಳಿ ಇಳಿಯುತ್ತದೆ. ಉದ್ದನೆಯ ತೆಳು ವೈರಿನಿಂದ ಅಥವಾ ಲೈನಿನಲ್ಲೇ ವೋಲ್ಟೇಜ್ ಕಡಿಮೆಯಾದರೂ ಸುತ್ತು ಇಳಿದು ಇದೇ ಪಾಡು. ಆದ್ದರಿಂದ ಮಂದ ತಾಮ್ರದ ವೈರ್ ಬೇಕು, ಸುರುಳಿ ಪೂರ್ತಿ ಬಿಡಿಸಬೇಕು. ಸದ್ದು ಮಂಕಾದರೆ ಕೈ ಸಡಿಲಿಸಬೇಕು.

ಜೋರು ಕೆಲಸ ಆದ ಕೂಡಲೇ ಸ್ವಿಚ್ ಆಫ್ ಮಾಡದೆ ಒಂದು ನಿಮಿಷ ಖಾಲಿ ಓಡಿಸಿದರೆ ಒಳಗಿನ ಬಿಸಿ ಹೊರಗೆ ಹೋಗುತ್ತದೆ. ತಿರುಗುತ್ತಿರುವ ಮೆಷಿನನ್ನು ನೆಲದ ಧೂಳಿನ ರಾಶಿಯ ಮೇಲೆ ಇಡಬಾರದು, ಅದು ನೆಲದ ಧೂಳನ್ನೇ ಕುಡಿಯುತ್ತದೆ. ಧೂಳು ಹೋಗದಿರಲಿ ಎಂದು ಕೆಲವರು ತೂತಿಗೆ ಬಟ್ಟೆ ಸುತ್ತುತ್ತಾರೆ. ಇದು ಮೂಗಿಗೆ ಅಡ್ಡ ಕೈ ಹಿಡಿದು 'ಓಡು' ಎಂದ ಹಾಗೆ. ಧೂಳು ನಿಂತರೂ ಗಾಳಿಯೂ ನಿಲ್ಲುತ್ತದೆ. ಸಂಜೆ ಪ್ಲಗ್ ಕಿತ್ತು, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಹಾಕಿ, ಬಯಲಿನಲ್ಲಿ ನಿಂತು ಬ್ಲೋವರ್‌ನಿಂದ ಒಣ ಗಾಳಿ ಹೊಡೆಯಬೇಕು. ತೂತಿಗೆ ಮೊಳೆ, ತಂತಿ ಹಾಕಿ ಕೆರೆಯಬಾರದು. ಒಳಗೆ ಕಿಡಿ ಹೆಚ್ಚಾಗಿ ಕಂಡರೆ ಕಾರ್ಬನ್ ಬ್ರಷ್ ನೋಡಿಸಿ, ಸವೆದಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಕಾರ್ಬನ್ ಬ್ರಷ್ ಇಲ್ಲದ ಹೊಸ ಬ್ಯಾಟರಿ ಮೆಷಿನ್‌ಗಳು ಬಂದಿವೆ. ಅವಕ್ಕೂ ತಣ್ಣಗಾಗಲು ಗಾಳಿ ಬೇಕೇ ಬೇಕು.

ನಷ್ಟ ಯಾರ ತಲೆಗೆ?

ಇದರಲ್ಲಿ ಗೊತ್ತಿಲ್ಲದ ವಿದ್ಯೆ ಏನೂ ಇಲ್ಲ, ಹಳೇ ಮೇಸ್ತ್ರಿಗಳನ್ನು ಕೇಳಿದರೆ ಅರ್ಧ ಅವರೇ ಹೇಳುತ್ತಾರೆ. ಹಾಗಾದರೆ ಮಾಡುವುದಿಲ್ಲ ಯಾಕೆ? ಉತ್ತರ ಲೆಕ್ಕದ ಪುಸ್ತಕದಲ್ಲಿದೆ. ಟೈಲ್ಸ್ ಕೆಲಸಕ್ಕೆ ಕೂಲಿ ಹೆಚ್ಚಾಗಿ ಚದರ ಅಡಿ ಲೆಕ್ಕ. ಮೆಷಿನ್ ತಣ್ಣಗಾಗಲು ಬಿಟ್ಟ ಐದು ನಿಮಿಷಕ್ಕೆ, ಸಂಜೆ ಗಾಳಿ ಹೊಡೆದ ಕಾಲು ಗಂಟೆಗೆ ಚದರ ಅಡಿ ಇಲ್ಲ, ಆದ್ದರಿಂದ ದುಡ್ಡೂ ಇಲ್ಲ. ಮೆಷಿನ್ ಎಷ್ಟೋ ಕಡೆ ಕೆಲಸಗಾರನದೇ. ಸುಟ್ಟರೆ ರಿಪೇರಿಯ ಖರ್ಚೂ ಅವನದೇ, ಹೋದ ದಿನಗೂಲಿಯೂ ಅವನದೇ. ಗಡಿಯಾಚೆ ಗುಂಡ್ಲುಪೇಟೆಗೋ ಮೈಸೂರಿಗೋ ರಿಪೇರಿಗೆ ಒಯ್ದರೆ ಬಂಡೀಪುರದ ದಾರಿಯಲ್ಲಿ 2009ರಿಂದ ರಾತ್ರಿ ಸಂಚಾರಕ್ಕೆ ತಡೆ ಇದೆ. 9 ಗಂಟೆಯೊಳಗೆ ಗೇಟು ದಾಟದಿದ್ದರೆ ಇನ್ನೊಂದು ದಿನವೂ ಹೋದ ಹಾಗೆಯೇ. ಇತ್ತ ಮನೆಯವರು, ಗುತ್ತಿಗೆದಾರರು 'ಕೆಲಸ ಯಾಕೆ ನಿಂತಿತು' ಎಂದು ಫೋನ್ ಮಾಡುತ್ತಲೇ ಇರುತ್ತಾರೆ.

ಇನ್ನೂ ದೊಡ್ಡ ನಷ್ಟ ಬೇರೆ ಇದೆ. ಮೋಟಾರ್‌ನ ತೂತಿನಲ್ಲಿ ಗಟ್ಟಿಯಾಗಿ ಕೂತ ಬಿಳಿ ಹುಡಿಯನ್ನು ಒಮ್ಮೆ ನೋಡಿ. ಅದೇ ಗಾಳಿಯನ್ನು ಮೆಷಿನ್ ಹಿಡಿದವನೂ ದಿನವಿಡೀ ಎಳೆದಿರುತ್ತಾನೆ. ಕಲ್ಲು, ಟೈಲ್ಸ್, ಕಾಂಕ್ರೀಟ್ ಧೂಳಿನಲ್ಲಿ ಸಿಲಿಕಾ ಇದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಶ್ವಾಸಕೋಶದ ತಳಕ್ಕಿಳಿದು ಸಿಲಿಕೋಸಿಸ್ ತರುತ್ತದೆ, ಬಂದರೆ ಗುಣಪಡಿಸುವ ಮದ್ದಿಲ್ಲ. ಇಂತಹ ಧೂಳು ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲೇ ಹೇಳಿದೆ. ಅಡುಗೆಮನೆ ಕಟ್ಟೆಗೆ ಹಾಕುವ ಕೃತಕ ಕಲ್ಲನ್ನು ಕತ್ತರಿಸಿದ ಕೆಲಸಗಾರರು ಕಾಯಿಲೆ ಬಿದ್ದ ಕಾರಣ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಆ ಕಲ್ಲನ್ನೇ ನಿಷೇಧಿಸಿತು. ಮೆಷಿನ್‌ಗೆ ಹೊಸ ಆರ್ಮೇಚರ್ ಸಿಗುತ್ತದೆ. ಮನುಷ್ಯನ ಶ್ವಾಸಕೋಶಕ್ಕೆ ಅಂಗಡಿಯಲ್ಲಿ ಸ್ಪೇರ್ ಪಾರ್ಟ್ ಇಲ್ಲ.

ಆಗಬೇಕಾದ್ದೇನು?

ಬ್ಲೋವರ್‌ನಿಂದ ಮೋಟಾರ್ ಉಳಿಯಬಹುದು, ಮನುಷ್ಯ ಉಳಿಯಬೇಕಾದರೆ ಧೂಳನ್ನು ಎದ್ದಲ್ಲೇ ಹಿಡಿಯಬೇಕು. ಬ್ಲೇಡ್‌ಗೆ ಮುಚ್ಚಳ ಹಾಕಿ ವ್ಯಾಕ್ಯೂಮ್‌ಗೆ ಪೈಪ್ ಜೋಡಿಸಿದರೆ ಎರಡೂ ಉಳಿಯುತ್ತವೆ. ನೀರು ಬಿಟ್ಟು ಕತ್ತರಿಸುವುದಾದರೆ ಅದಕ್ಕೆಂದೇ ಮಾಡಿದ ಮೆಷಿನ್ ಇರಬೇಕು, ಲೈನಿಗೆ 30 ಮಿಲಿ ಆಂಪಿಯರ್‌ನ ಇಎಲ್‌ಸಿಬಿ ಇರಲೇಬೇಕು. ಕಬ್ಬಿಣ ಉಜ್ಜುವಲ್ಲಿಯೂ ಇಎಲ್‌ಸಿಬಿ ತಪ್ಪಿಸಬಾರದು.

ಇಷ್ಟನ್ನೂ ದಿನಗೂಲಿಯವನೇ ಕೊಳ್ಳಲಿ ಎಂದರೆ ಆಗುವ ಮಾತಲ್ಲ. ಗುತ್ತಿಗೆದಾರರು ಇದನ್ನು ಸಿಮೆಂಟ್, ಮರಳಿನ ಹಾಗೆ ಕೆಲಸದ ಖರ್ಚಿಗೇ ಸೇರಿಸಬೇಕು. ಚದರ ಅಡಿ ದರ ಮಾತಾಡುವಾಗಲೇ ದಿನಕ್ಕೆ ಅರ್ಧ ಗಂಟೆ ಮೆಷಿನ್ ನೋಡಿಕೊಳ್ಳುವ ಹೊತ್ತೆಂದು ಕೂಲಿಯಲ್ಲಿ ಹಿಡಿಯಬೇಕು. ಪಂಚಾಯತುಗಳು ತಮ್ಮ ಕಾಮಗಾರಿಯ ಕರಾರಿನಲ್ಲಿ ಈ ಷರತ್ತು ಬರೆಯುವುದು ದೊಡ್ಡ ಕಷ್ಟವೇನಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಸೆಸ್ ಎತ್ತುವ ಪದ್ಧತಿ 1996ರ ಕೇಂದ್ರ ಕಾಯ್ದೆಯಿಂದ ಬಂದದ್ದು. ಆ ಹಣದಲ್ಲಿ ಬ್ಲೋವರ್, ವ್ಯಾಕ್ಯೂಮ್ ಕೊಡಿಸುವ ಬಗ್ಗೆ ಅಧಿಕಾರಿಗಳು ಯೋಚಿಸಬೇಕಾಗಿದೆ. ಜಿಲ್ಲೆಯ ಐಟಿಐಗಳಲ್ಲಿ ವರ್ಷಕ್ಕೊಮ್ಮೆ ಒಂದು ದಿನದ ಶಿಬಿರ ನಡೆಸಿ, ಮಲಯಾಳದ ಜೊತೆಗೆ ಕನ್ನಡದಲ್ಲೂ ಹೇಳಿಕೊಟ್ಟರೆ ಗಡಿ ಭಾಗದ ಹುಡುಗರಿಗೆ ಉಪಕಾರವಾದೀತು.

ಮನೆ ಕಟ್ಟಿಸುವವರೂ ಒಂದು ಮಾತು ನೆನಪಿಡಬೇಕು. ಸಂಜೆ ಐದಕ್ಕೆ ಕೆಲಸಗಾರ ಮೆಷಿನ್ ಕೆಳಗಿಟ್ಟು ಗಾಳಿ ಹೊಡೆಯುತ್ತಾ ನಿಂತಿದ್ದರೆ, ಅವನು ಹೊತ್ತು ಕಳೆಯುತ್ತಿದ್ದಾನೆಂದು ಗೊಣಗುವುದು ಬೇಡ. ನಾಳೆಯೂ ಅವನು ಅದೇ ಮೆಷಿನ್ ಹಿಡಿದು ಬಂದರೆ ತಾನೇ ಆ ಮನೆ ಏಳುವುದು?