ನಾಲ್ಕು ಗಾಲಿಯ ವಿನೋದ, ಒಂದು ಸಹಿಯ ಹೊಣೆ

ರಜೆ ಬಂತೆಂದರೆ ಪುಣೆಯ ನಮ್ಮ ಕನ್ನಡ ಕುಟುಂಬಗಳು ಲೋಣಾವಳಕ್ಕೋ ಮಡಿಕೇರಿಗೋ ಹೊರಡುವುದು ವಾಡಿಕೆ. ಮಾರ್ಗದರ್ಶಕನ ಹಿಂದೆ ಸಾಲಾಗಿ ಕೆಸರು ದಿಣ್ಣೆಗಳನ್ನು ದಾಟುವ ಕ್ವಾಡ್ ಬೈಕ್ ಸವಾರಿ ಅಲ್ಲೀಗ ಮಕ್ಕಳ ದೊಡ್ಡ ಆಕರ್ಷಣೆ. ವಿನೋದ ಬೇಡವೆಂದು ನಾನು ಹೇಳುತ್ತಿಲ್ಲ. ಲೆಕ್ಕ ನೋಡಿ ಏರಬೇಕೆನ್ನುತ್ತೇನೆ.

ನಾಲ್ಕು ಗಾಲಿಗಳಿರುವುದರಿಂದ ಈ ವಾಹನ ಮಗುಚದೆಂಬುದು ಭ್ರಮೆ. ಇಳಿಜಾರಿನಲ್ಲಿ, ತಿರುವಿನಲ್ಲಿ ಸವಾರನು ಮೈಭಾರವನ್ನು ಸರಿಯಾದ ಕಡೆಗೆ ವಾಲಿಸಬೇಕು. ದೊಡ್ಡ ಯಂತ್ರದ ತೂಕ 200 ಕಿಲೋಗ್ರಾಂ ಮೀರುವುದುಂಟು. ಮಗುಚಿದರೆ ಅದು ಬೀಳುವುದು ಸವಾರನ ಮೇಲೆಯೇ. ಇದರ ಮೂರು ಗಾಲಿಯ ಮಾದರಿಯ ಮಾರಾಟವು ಅಮೆರಿಕದಲ್ಲಿ 1988ರಲ್ಲಿ ನಿಂತುದು ಅಪಘಾತಗಳ ಕಾರಣದಿಂದಲೇ. 16 ವರ್ಷದೊಳಗಿನವರು ಕ್ವಾಡ್ ಬೈಕನ್ನು ನಡೆಸಲೂ ಬಾರದು, ಹಿಂದೆ ಕೂರಲೂ ಬಾರದು ಎಂಬುದು ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿಯ ಸ್ಪಷ್ಟ ಸಲಹೆ. ನಾವಾದರೋ ಹತ್ತು ವರ್ಷದ ಮಗುವನ್ನು ಮುಂದೆ ಕೂರಿಸಿಕೊಂಡು ಛಾಯಾಚಿತ್ರ ತೆಗೆಸಿಕೊಳ್ಳುತ್ತೇವೆ!

ಸವಾರಿಗೆ ಮುನ್ನ ಕೊಡುವ ಕಾಗದಕ್ಕೆ ಓದದೆಯೇ ಸಹಿ ಹಾಕುವವರೇ ಹೆಚ್ಚು. ಸಾಲಪತ್ರವನ್ನು ಹತ್ತು ಬಾರಿ ತಿರುವಿ ನೋಡುವ ನಾವು, ಅಪಾಯದ ಹೊಣೆಯೆಲ್ಲ ನಮ್ಮದೇ ಎಂಬ ಒಕ್ಕಣೆಯನ್ನು ಗಮನಿಸುವುದಿಲ್ಲ. ಅಪಘಾತ ವಿಮೆಯಲ್ಲಿ ಸಾಹಸಕ್ರೀಡೆಗೆ ರಕ್ಷಣೆಯುಂಟೇ ಎಂಬುದನ್ನೂ ಮನೆಯಲ್ಲೇ ನೋಡಿಕೊಳ್ಳುವುದು ಲೇಸು.

ಆದುದರಿಂದ ವಯಸ್ಕರು ಮಾತ್ರ ಏರಲಿ. ಒಂದು ಆಸನಕ್ಕೆ ಒಬ್ಬರೇ ಇರಲಿ. ತಲೆಗೆ ಸರಿಹೊಂದುವ ಹೆಲ್ಮೆಟ್ಟಿನ ಪಟ್ಟಿ ಬಿಗಿದಿರಲಿ. ಸಮತಟ್ಟು ನೆಲದಲ್ಲಿ ಮೊದಲು ಅಭ್ಯಾಸ ಮಾಡಿಸದ ಮಾರ್ಗದರ್ಶಕನಿಗೆ ನಮಸ್ಕಾರ ಹೇಳಿ ಹಿಂತಿರುಗಿರಿ. ಮಗು ಅರ್ಧ ದಿನ ಮುನಿಸಿಕೊಂಡೀತು. ಆ ಮುನಿಸು ಸಂಜೆಯೊಳಗೆ ಇಳಿಯುತ್ತದೆ, ಬೆನ್ನುಮೂಳೆಯ ಪೆಟ್ಟು ಇಳಿಯದು.