ಬಸವಲಿಂಗಪ್ಪನವರ ಮಾತು ನೆನಪಿದೆ, ಕಾಯ್ದೆ ನೆನಪಿಲ್ಲ

ಬಿ. ಬಸವಲಿಂಗಪ್ಪನವರ ಹೆಸರೆತ್ತಿದರೆ ಸಾಕು, ನಮ್ಮ ಓದು ಬಲ್ಲ ಜನ ಥಟ್ಟನೆ ಆಡುವುದು ಒಂದೇ ಮಾತು: ‘ಬೂಸಾ’. ಈಚೆಗೆ ಒಂದು ಸಭೆಯಲ್ಲಿ ಕನ್ನಡ ಮೇಷ್ಟರೊಬ್ಬರು, ‘ಕನ್ನಡ ಸಾಹಿತ್ಯವನ್ನು ಬೂಸಾ ಅಂದ ಮಂತ್ರಿ ಅಲ್ಲವೇ?’ ಎಂದರು. ಸಭೆ ನಕ್ಕಿತು. ತಲೆಯ ಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ ನಿಲ್ಲಿಸಲು ಹೊರಟ ಮಂತ್ರಿ ಯಾರು ಎಂದು ನಾನು ಎದ್ದುನಿಂತು ಕೇಳಿದೆ. ಉತ್ತರ ಬರಲಿಲ್ಲ. ದಲಿತರಿಗೆ ಸರ್ಕಾರ ಕೊಟ್ಟ ಜಮೀನನ್ನು ಬೇರೆಯವರು ಬರೆಸಿಕೊಳ್ಳಕೂಡದು ಎಂಬ ಕಾಯ್ದೆ ಬಂದಾಗ ಕಂದಾಯ ಮಂತ್ರಿ ಯಾರಾಗಿದ್ದರು ಎಂದು ಕೇಳಿದೆ. ಆಗಲೂ ಯಾರೂ ಬಾಯಿ ಬಿಡಲಿಲ್ಲ. ಎರಡಕ್ಕೂ ಉತ್ತರ ಬಸವಲಿಂಗಪ್ಪ.

ಒಂದು ಮಾತಿಗಾಗಿ ಒಬ್ಬ ಮನುಷ್ಯನನ್ನು ಐವತ್ತು ವರ್ಷ ಕಟಕಟೆಯಲ್ಲಿ ನಿಲ್ಲಿಸಿದ್ದೇವೆ. ಈ ಹೊತ್ತಿಗೆ ಅವರ ಕಾಲದ ಕಾಯ್ದೆಯ ಬುಡಕ್ಕೆ ಕೊಡಲಿ ಬಿದ್ದಾಗಿದೆ. ಅದಕ್ಕಾಗಿ ಯಾವ ಕಾಲೇಜಿನ ಗೇಟಿನ ಮುಂದೆಯೂ ಗದ್ದಲವಾಗಲಿಲ್ಲ, ಯಾರೂ ಪ್ರತಿಕೃತಿ ಸುಡಲಿಲ್ಲ. ನನಗೆ ಸಂಕಟವಾಗಿರುವುದು ಇದೇ.

ಮೊದಲು ಆ ಮಾತನ್ನೇ ನೋಡೋಣ. 1973ರ ನವೆಂಬರ್. ದೇವರಾಜ ಅರಸು ಅವರ ಸಂಪುಟದಲ್ಲಿ ಬಸವಲಿಂಗಪ್ಪ ಮಂತ್ರಿ. ಮೈಸೂರಿನ ಸಭೆಯೊಂದರಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬರ್ಥದ ಮಾತಾಡಿದರು. ಹಸು ಕಟ್ಟಿದ ಮನೆಯಲ್ಲಿ ಬೆಳೆದವರಿಗೆ ಬೂಸಾ ಏನೆಂದು ಗೊತ್ತು. ಕಾಳಿನ ಹಿಟ್ಟೆಲ್ಲ ಮನುಷ್ಯರ ಪಾಲಾದ ಮೇಲೆ ಉಳಿಯುವ ತೌಡು, ಹೊಟ್ಟು. ಅದನ್ನು ನೀರಲ್ಲಿ ಕಲಸಿ ದನದ ಮುಂದೆ ಇಡುತ್ತೇವೆ. ನಮ್ಮ ಜನದ ಬದುಕಿಗೆ ಈ ಸಾಹಿತ್ಯದಿಂದ ದಕ್ಕಿದ್ದು ಏನು ಎಂದು ಆ ಮಂತ್ರಿ ಕೇಳುತ್ತಿದ್ದರು. ದಲಿತ ಮಕ್ಕಳು ಇಂಗ್ಲಿಷ್ ಕಲಿಯಬೇಕು ಎಂದೂ ಹೇಳಿದರು. ಭಾಷಣ ಪೂರ್ತಿ ಕೇಳಿದವರು ಎಷ್ಟು ಜನವೋ, ‘ಬೂಸಾ’ ಮಾತ್ರ ಊರೂರು ತಲುಪಿತು.

ಆಮೇಲೆ ನಡೆದದ್ದು ಸಾಹಿತ್ಯ ಚರ್ಚೆಯಲ್ಲ. ಮೆರವಣಿಗೆಗಳಾದವು. ದಲಿತ ವಿದ್ಯಾರ್ಥಿಗಳಿದ್ದ ಹಾಸ್ಟೆಲುಗಳ ಮೇಲೆ ಗುಂಪುಗಳು ನುಗ್ಗಿದವು, ಹುಡುಗರಿಗೆ ಪೆಟ್ಟು ಬಿತ್ತು. ಆಗ ಬೆಂಗಳೂರಿನಲ್ಲಿ ಓದುತ್ತಿದ್ದ ಕವಿ ಸಿದ್ಧಲಿಂಗಯ್ಯನವರು ಆ ದಿನಗಳನ್ನು ತಮ್ಮ ಆತ್ಮಕಥೆ ‘ಊರುಕೇರಿ’ಯಲ್ಲಿ ಬರೆದಿದ್ದಾರೆ. ಕನ್ನಡದ ಮಾನ ಕಾಯುತ್ತೇವೆ ಎಂದು ಹೊರಟವರು ಕನ್ನಡವನ್ನೇ ಆಡುವ ಬಡ ಮಕ್ಕಳನ್ನು ಬಡಿದರು. ಆಗ ಬಸವಲಿಂಗಪ್ಪನವರ ಬೆಂಬಲಕ್ಕೆ ನಿಂತವರಲ್ಲಿ ಕುವೆಂಪು ಇದ್ದರು. ಕನ್ನಡದ ಮೊದಲ ಜ್ಞಾನಪೀಠ ಪಡೆದ ಕವಿಗೆ ಅವಮಾನ ಎನಿಸದ ಮಾತು ಬೀದಿಗಿಳಿದವರಿಗೆ ಅವಮಾನ ಎನಿಸಿತು. ಕೊನೆಗೆ ಬಸವಲಿಂಗಪ್ಪ ಮಂತ್ರಿಗಿರಿ ಬಿಡಬೇಕಾಯಿತು.

ಆ ಮಾತು ಪೂರ್ತಿ ಸರಿ ಎಂದು ನಾನು ವಾದಿಸುವುದಿಲ್ಲ. ಅಲ್ಲಮ, ಅಕ್ಕ, ಮಾದಾರ ಚೆನ್ನಯ್ಯ ಇರುವ ಭಾಷೆಯನ್ನು ಹಾಗೆ ಒಂದೇ ಏಟಿಗೆ ತಳ್ಳಿಹಾಕುವುದು ಒಪ್ಪುವಂಥದ್ದಲ್ಲ. ಆದರೆ ಅವರ ಪ್ರಶ್ನೆ ಸರಿಯಾಗಿತ್ತು. ಹೊಲಗೇರಿ ಮಾದಿಗೇರಿಗಳು ಈ ಸಾಹಿತ್ಯದಲ್ಲಿ ಎಲ್ಲಿವೆ? ಇದ್ದರೆ ಯಾರ ಕಣ್ಣಿನಿಂದ ಕಂಡಂತೆ ಇವೆ? ಉತ್ತರ ಕೊಟ್ಟವರು ಪೆಟ್ಟು ತಿಂದ ಹುಡುಗರ ತಲೆಮಾರಿನವರೇ. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ದೇವನೂರ ಮಹಾದೇವರ ಬರವಣಿಗೆ ಬೆಳೆಯಿತು. ಭದ್ರಾವತಿಯಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿತು, ಹಳ್ಳಿ ಹಳ್ಳಿಗೆ ಹೋಯಿತು. ಕಳೆದ ಐವತ್ತು ವರ್ಷದ ಕನ್ನಡದಿಂದ ಇದನ್ನೆಲ್ಲ ತೆಗೆದು ನೋಡಿ, ಎಷ್ಟು ಬಡವಾಗುತ್ತದೆ! ಬಸವಲಿಂಗಪ್ಪ ಕನ್ನಡದ ದ್ರೋಹಿ ಎಂದವರು ಈ ಲೆಕ್ಕ ಹಾಕಲೇ ಇಲ್ಲ.

ಮಾತು ಹಾಗಿರಲಿ, ಅವರ ಕೆಲಸ ನೋಡೋಣ. ಪೌರಾಡಳಿತದ ಹೊಣೆ ಹೊತ್ತಿದ್ದಾಗ ಅವರು ಕೈಹಾಕಿದ್ದು ಮಲ ಹೊರುವ ಪದ್ಧತಿಗೆ. ಹಿಂದಿನ ಓಣಿಯಿಂದ ಬಂದು, ಕಕ್ಕಸಿನ ಕೆಳಗಿನ ಕಿಂಡಿಗೆ ಕೈಹಾಕಿ ತಗಡಿನ ತುಂಡಿನಲ್ಲಿ ಬಳಿದು, ಬುಟ್ಟಿಗೆ ತುಂಬಿ, ಸಿಂಬಿಯ ಮೇಲಿಟ್ಟು ಹೊತ್ತು ಹೋಗುತ್ತಿದ್ದ ಹೆಂಗಸರನ್ನು ನಮ್ಮ ಪೇಟೆಗಳ ಹಿರಿಯರು ಕಂಡಿದ್ದಾರೆ. ಮಳೆಗಾಲದಲ್ಲಿ ಅದು ಕೆನ್ನೆಯ ಮೇಲೆ ಇಳಿಯುತ್ತಿತ್ತು. ಇದು ನಿಲ್ಲಬೇಕು ಎಂದು ಈ ರಾಜ್ಯ ಎಪ್ಪತ್ತರ ದಶಕದಲ್ಲೇ ಹೇಳಿತು. ದೇಶಕ್ಕೆ ಇಂಥದೊಂದು ಕಾಯ್ದೆ ಬಂದದ್ದು 1993ರಲ್ಲಿ. ಹಾಗೆಂದು ಎಲ್ಲ ಮುಗಿಯಿತೇ? ಇಲ್ಲ. 2010ರಲ್ಲಿ, ಮಲ ಬಳಿಯುವ ಕೆಲಸದಲ್ಲಿದ್ದ ಸವಣೂರಿನ ಭಂಗಿ ಕುಟುಂಬಗಳವರು ಒಕ್ಕಲೆಬ್ಬಿಸುವುದನ್ನು ವಿರೋಧಿಸಿ ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ಮ್ಯಾನ್‌ಹೋಲಿಗೆ ಇಳಿದು ಸತ್ತವರ ಮನೆಗೆ 10 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಸಾವು ನಿಂತಿದ್ದರೆ ಪರಿಹಾರ ಏರಿಸುವ ಪ್ರಮೇಯವೇ ಬರುತ್ತಿರಲಿಲ್ಲ.

ಇನ್ನು ಜಮೀನಿನ ವಿಷಯ. ನನ್ನ ತಕರಾರು ಮುಖ್ಯವಾಗಿ ಇರುವುದು ಇಲ್ಲೇ.

ಎರಡು ವರ್ಷದ ಹಿಂದೆ ಒಂದು ಉಪವಿಭಾಗಾಧಿಕಾರಿ ಕಚೇರಿಯ ಜಗಲಿಯಲ್ಲಿ ನನ್ನ ಪಕ್ಕ ಒಬ್ಬ ಅಜ್ಜಿ ಕೂತಿದ್ದರು. ಎಪ್ಪತ್ತು ದಾಟಿದ ಜೀವ. ಮಡಿಲಲ್ಲಿ ತೊಳೆದು ಒಣಗಿಸಿದ ಹಾಲಿನ ಕವರು, ಅದರೊಳಗೆ ನಾಲ್ಕು ಮಡಿಕೆಯ ಸಾಗುವಳಿ ಚೀಟಿ. ಮಡಿಕೆಗಳಲ್ಲಿ ಕಾಗದ ಹರಿದು, ಹಿಂದಿನಿಂದ ಅನ್ನದ ಅಂಟು ಹಾಕಿ ಕೂಡಿಸಿದ್ದರು. ಎರಡು ಎಕರೆ ಹತ್ತು ಗುಂಟೆ. ಚೆಕ್ಕುಬಂದಿ ಇತ್ತು: ಮೂಡಲಿಗೆ ಗೋಮಾಳ, ಪಡುವಲಿಗೆ ಹಳ್ಳ. ಕೆಳಗೆ ಷರತ್ತು ಅಚ್ಚಾಗಿತ್ತು, ಪರಭಾರೆ ಮಾಡಕೂಡದು ಎಂದು. ಗಂಡನಿಗೆ ಮಂಜೂರಾದ ಜಮೀನು. ಕಾಯಿಲೆಗೆ ಸಾಲ ತಂದಿದ್ದರಂತೆ, ಹೆಬ್ಬೆಟ್ಟು ಒತ್ತಿದ್ದರಂತೆ. ‘ಮಾರಿದ್ರಾ ಅಜ್ಜಿ?’ ಎಂದೆ. ‘ನಾವ್ ಮಾರ್ಲಿಲ್ಲ ಕಣಪ್ಪ, ಅವ್ರು ಬರ್ಕಂಡ್ರು’ ಎಂದರು.

ಮಾರುವುದಕ್ಕೂ ಬರೆದುಕೊಳ್ಳುವುದಕ್ಕೂ ಇರುವ ಈ ವ್ಯತ್ಯಾಸವನ್ನು ಕಾನೂನಿಗೆ ತಂದದ್ದೇ, ಬಸವಲಿಂಗಪ್ಪ ಮತ್ತೆ ಸಂಪುಟಕ್ಕೆ ಬಂದು ಕಂದಾಯ ಮಂತ್ರಿಯಾಗಿದ್ದಾಗಿನ 1978ರ ಪಿಟಿಸಿಎಲ್ ಕಾಯ್ದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ ಪರಭಾರೆ ಮಾಡಿದ್ದರೆ, ಅದು ಕಾಯ್ದೆ ಬರುವ ಮೊದಲು ಆಗಿದ್ದರೂ ಅಸಿಂಧು. ಕಾಯ್ದೆ ಬಂದ ಮೇಲೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆಯೇ ಇಲ್ಲ. ಉಪವಿಭಾಗಾಧಿಕಾರಿ ಜಮೀನನ್ನು ವಶಕ್ಕೆ ಪಡೆದು ಮೂಲ ಮಂಜೂರುದಾರರಿಗೋ ಅವರ ವಾರಸುದಾರರಿಗೋ ಬಿಡಿಸಿಕೊಡಬೇಕು. ಇದನ್ನು ಪ್ರಶ್ನಿಸಿ ಭೂಮಿ ಕೊಂಡವರು ಸುಪ್ರೀಂ ಕೋರ್ಟಿನವರೆಗೆ ಹೋದರು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಬಡವನ ಕಷ್ಟವನ್ನೂ ಅವನ ಓದಿಲ್ಲದ ಸ್ಥಿತಿಯನ್ನೂ ಬಳಸಿಕೊಂಡು ಜಮೀನು ಹೊಡೆಯುವುದನ್ನು ತಡೆಯುವ ಕಾಯ್ದೆ ಸಂವಿಧಾನಕ್ಕೆ ವಿರುದ್ಧವಲ್ಲ ಎಂಬುದು ಅಲ್ಲಿಗೆ ತೀರ್ಮಾನವಾಯಿತು.

ಕಾಯ್ದೆಯಲ್ಲಿ ಅರ್ಜಿಗೆ ಕಾಲಮಿತಿ ಇರಲಿಲ್ಲ. ಬೇಕೆಂದೇ ಇಟ್ಟಿರಲಿಲ್ಲ. ಜಮೀನುದಾರನ ಹಟ್ಟಿಯಲ್ಲಿ ಜೀತ ಮಾಡುವವನು ಅದೇ ಜಮೀನುದಾರನ ಮೇಲೆ ಅರ್ಜಿ ಹಾಕಲು ಒಂದು ತಲೆಮಾರು ಕಳೆದು, ಮಗನೋ ಮೊಮ್ಮಗಳೋ ಶಾಲೆ ಕಲಿತು ಕಾಗದ ಓದುವ ಹೊತ್ತಾಗಬೇಕು. ಆದರೆ 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅರ್ಜಿ ‘ಸಮಂಜಸ ಕಾಲ’ದೊಳಗೆ ಬರಬೇಕು ಎಂದಿತು. ಆ ಒಂದು ತೀರ್ಪನ್ನು ಹಿಡಿದು ಅರ್ಜಿಗಳು ಒಂದಾದ ಮೇಲೊಂದು ವಜಾ ಆದವು. ನಾನು ಕಂಡ ಅಜ್ಜಿಯ ಅರ್ಜಿಯೂ ಹಾಗೇ ಬಿದ್ದುಹೋಗಿತ್ತು. ದಲಿತ ಸಂಘಟನೆಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತವು. 2023ರಲ್ಲಿ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ತಂದು, ಕಾಲಮಿತಿ ಅನ್ವಯಿಸುವುದಿಲ್ಲ ಎಂದು ಸ್ಪಷ್ಟವಾಗಿ ಬರೆಯಿತು. ಇಷ್ಟಾದರೂ ಮರುವರ್ಷ ಹೈಕೋರ್ಟ್, ಅತಿಯಾದ ವಿಳಂಬವನ್ನು ನೋಡಲು ತಿದ್ದುಪಡಿ ಅಡ್ಡಬರುವುದಿಲ್ಲ ಎಂದಿತು. ಎಲ್ಲಿಂದ ಹೊರಟಿದ್ದೆವೋ ಅಲ್ಲಿಗೇ ಬಂದೆವು.

ನ್ಯಾಯಾಲಯದ ಬಗ್ಗೆ ಗೌರವ ಇಟ್ಟುಕೊಂಡೇ ಒಂದು ಪ್ರಶ್ನೆ ಕೇಳುತ್ತೇನೆ. ವಿಳಂಬ ಯಾರದು? ಕಾಯ್ದೆಯ 5ನೇ ಕಲಂ ಓದಿ. ಸಂಬಂಧಪಟ್ಟವರು ಅರ್ಜಿ ಕೊಟ್ಟರೆ ಮಾತ್ರ ಎಂದು ಅಲ್ಲಿಲ್ಲ. ಯಾರೇ ಲಿಖಿತ ಮಾಹಿತಿ ಕೊಟ್ಟರೂ ಆಯಿತು, ಅಧಿಕಾರಿ ತಾನಾಗಿಯೇ ಕೈಗೆತ್ತಿಕೊಂಡರೂ ಆಯಿತು. ಕಾಯ್ದೆ ಜಾರಿಗೆ ಬಂದದ್ದು 1979ರ ಜನವರಿ 1ಕ್ಕೆ. ದರಖಾಸ್ತು ವಹಿ ತಾಲ್ಲೂಕು ಕಚೇರಿಯ ಬೀರುವಿನಲ್ಲೇ ಇತ್ತು. ಯಾರ ಹೆಸರಿಗೆ ಮಂಜೂರಾಗಿತ್ತು, ಈಗ ಪಹಣಿಯಲ್ಲಿ ಯಾರ ಹೆಸರಿದೆ ಎಂದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಲು ಒಬ್ಬ ಗುಮಾಸ್ತ ಸಾಕಿತ್ತು. ಸರ್ಕಾರ ತಾನು ಮಾಡಬೇಕಾದ ಕೆಲಸವನ್ನು ನಲವತ್ತು ವರ್ಷ ಮಾಡದೆ ಕೂತು, ಕೊನೆಗೆ ತಡವಾಯಿತು ಎಂದು ಅಜ್ಜಿಯ ಅರ್ಜಿ ವಾಪಸು ಕೊಟ್ಟಿತು. ಇದು ಅನ್ಯಾಯ. ಬೇರೆ ಪದ ಇದಕ್ಕೆ ಇಲ್ಲ.

ಎದುರಿನ ವಾದವೂ ನನಗೆ ಗೊತ್ತು. ಹಣ ಕೊಟ್ಟು ಕೊಂಡು, ಬೋರು ಕೊರೆಸಿ, ತೆಂಗು ನೆಟ್ಟು ಮೂವತ್ತು ವರ್ಷ ದುಡಿದವರ ಗತಿ ಏನು ಎನ್ನುತ್ತಾರೆ. ಅವರಲ್ಲಿ ಸಣ್ಣ ರೈತರೂ ಇದ್ದಾರೆ, ಅವರ ನೋವು ಸುಳ್ಳಲ್ಲ. ಕಾಯ್ದೆಗೆ ಮೊದಲೇ ಕಾನೂನಿನ ಪ್ರಕಾರ ಹಕ್ಕು ಗಟ್ಟಿಯಾಗಿದ್ದವರಿಗೆ 1984ರ ತೀರ್ಪಿನಲ್ಲೇ ರಕ್ಷಣೆ ಇದೆ. ಉಳಿದವರು ಕೊಂಡದ್ದು ಪರಭಾರೆ ಕೂಡದು ಎಂದು ಚೀಟಿಯ ಮೇಲೇ ಅಚ್ಚಾಗಿದ್ದ ಜಮೀನನ್ನು. ಕ್ರಯ ಕಡಿಮೆಗೆ ಸಿಕ್ಕಿದ್ದು ಯಾಕೆಂದು ಕೊಂಡವರಿಗೆ ತಿಳಿದಿತ್ತು. ಇನ್ನೊಂದು ದೂರು ದಲ್ಲಾಳಿಗಳದ್ದು. ಅವರು ವಾರಸುದಾರರನ್ನು ಹುಡುಕಿ, ಕೇಸು ಹಾಕಿಸಿ, ಜಮೀನು ಬಿಡಿಸಿ, ತಿರುಗಿ ಲೇಔಟಿನವರಿಗೆ ಕೊಡಿಸುತ್ತಾರೆ. ನಿಜ, ನಡೆಯುತ್ತದೆ. ಅದನ್ನು ತಡೆಯುವ ಬೀಗದ ಕೈ ಸರ್ಕಾರದ ಬಳಿಯೇ ಇದೆ, ಪರಭಾರೆಗೆ ಅನುಮತಿ ಕೊಡುವುದು ಅದೇ ತಾನೆ? ಅನುಮತಿಯನ್ನು ಬಿಗಿ ಮಾಡಲಿ. ದಲ್ಲಾಳಿಯ ನೆಪ ಹೇಳಿ ಅಜ್ಜಿಯ ಎರಡೂಕಾಲು ಎಕರೆ ಮುಳುಗಿಸುವುದು ಯಾವ ನ್ಯಾಯ?

ಬಸವಲಿಂಗಪ್ಪ ವಿಧಾನಸಭೆಗೆ ಗೆದ್ದುಬಂದದ್ದು ಯಲಹಂಕದಿಂದ. ಅವರು ತೀರಿಕೊಂಡದ್ದು 1992ರಲ್ಲಿ. ಆಗ ಆ ಸೀಮೆ ರಾಗಿ ಹೊಲ, ದ್ರಾಕ್ಷಿ ತೋಟ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು, ಗುಂಟೆಗಳಿಗೆ ಲಕ್ಷಗಳ ಲೆಕ್ಕ ಬಂತು. ನೂರಿನ್ನೂರು ರೂಪಾಯಿಗೆ ಹೆಬ್ಬೆಟ್ಟು ಒತ್ತಿಸಿಕೊಂಡ ನೆಲದ ಮೇಲೆ ಕಾಂಪೌಂಡು ಎದ್ದಿತು. ಜಮೀನಿಗೆ ಬೆಲೆ ಇಲ್ಲದ ಕಾಲದಲ್ಲಿ ಈ ಕಾಯ್ದೆ ಯಾರಿಗೂ ಅಷ್ಟಾಗಿ ಚುಚ್ಚಲಿಲ್ಲ. ಬೆಲೆ ಬಂದ ಮೇಲೆ ಕಾಲಮಿತಿಯ ಪ್ರಶ್ನೆ ಜೋರಾಯಿತು. ಇದನ್ನು ಆಕಸ್ಮಿಕ ಎಂದು ನಾನು ನಂಬುವುದಿಲ್ಲ.

ಬಸವಲಿಂಗಪ್ಪನವರ ಜಯಂತಿ ಬಂದಾಗ ಪಟಕ್ಕೆ ಹಾರ ಹಾಕುವ ಸರ್ಕಾರ ಮಾಡಬೇಕಾದ ಕೆಲಸ ಒಂದಿದೆ. ತಾಲ್ಲೂಕುವಾರು ಮಂಜೂರಾತಿ ಜಮೀನಿನ ಪಟ್ಟಿ ತೆಗೆದು, ಈಗ ಯಾರ ಸ್ವಾಧೀನದಲ್ಲಿದೆ ಎಂಬುದರ ಜೊತೆ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು. ಉಪವಿಭಾಗಾಧಿಕಾರಿಗಳು ಅರ್ಜಿಗಾಗಿ ಕಾಯದೆ ತಾವೇ ಪ್ರಕರಣ ದಾಖಲಿಸಬೇಕು. ಮೇಲಿನ ಕೋರ್ಟುಗಳಲ್ಲಿ ತನ್ನದೇ ಕಾಯ್ದೆಯ ಪರವಾಗಿ ಒಳ್ಳೆಯ ವಕೀಲರನ್ನಿಟ್ಟು ವಾದಿಸಬೇಕು.

ಓದುಗರಲ್ಲೂ ಒಂದು ಕೋರಿಕೆ. ಲಿಖಿತ ಮಾಹಿತಿಯನ್ನು ಯಾರು ಬೇಕಾದರೂ ಕೊಡಬಹುದು ಎಂದು 5ನೇ ಕಲಂ ಹೇಳುತ್ತದೆ. ಜಾತಿ ಕೇಳುವುದಿಲ್ಲ, ಸಂಬಂಧ ಕೇಳುವುದಿಲ್ಲ. ನಿಮ್ಮ ಊರಿನಲ್ಲಿ ಹೀಗೆ ‘ಬರ್ಕಂಡ’ ಜಮೀನು ಯಾವುದು ಎಂದು ನಿಮಗೆ ಗೊತ್ತಿರುತ್ತದೆ. ಸರ್ವೆ ನಂಬರು ಬರೆದು ಉಪವಿಭಾಗಾಧಿಕಾರಿಗೆ ಒಂದು ಕಾಗದ ಹಾಕಿ, ಸ್ವೀಕೃತಿ ಪಡೆದುಕೊಳ್ಳಿ.