ನಾಲೆ ಏರಿಗೆ ಡಾಂಬರು ಬೇಡ, ಸೈಕಲ್ಲಿಗೆ ದಾರಿ ಬಿಡಿ

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯನ್ನು ಪ್ರಧಾನಿ ಉದ್ಘಾಟಿಸಿದ್ದು 2023ರ ಮಾರ್ಚ್ 12ರಂದು, ನಮ್ಮ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಐದು ತಿಂಗಳು ತುಂಬುವ ಮೊದಲೇ, ಆಗಸ್ಟ್ 1ರಿಂದ, ಅದರ ಮುಖ್ಯ ಪಥಗಳಿಗೆ ಬೈಕು, ಆಟೊ, ಟ್ರ್ಯಾಕ್ಟರ್, ಎತ್ತಿನಗಾಡಿ, ಸೈಕಲ್ ಬರಕೂಡದು ಎಂಬ ಆದೇಶ ಜಾರಿಗೆ ಬಂತು. ಆದೇಶ ತಪ್ಪು ಎಂದು ನಾನು ವಾದಿಸುವುದಿಲ್ಲ. ನೂರರ ವೇಗದಲ್ಲಿ ನುಗ್ಗುವ ಕಾರುಗಳ ನಡುವೆ ಸೈಕಲ್ ತುಳಿಯುವುದು ಜೀವಕ್ಕೆ ಎರವಾಗುವ ಕೆಲಸವೇ. ಆದರೆ ಈ ರಸ್ತೆಗೆ ಜಮೀನು ಬಿಟ್ಟುಕೊಟ್ಟ ಊರುಗಳ ಜನರನ್ನು ಅದರಿಂದ ಇಳಿಸಿದ ಮೇಲೆ ಅವರಿಗೆ ಇನ್ನೊಂದು ದಾರಿ ತೋರಿಸಬೇಕಾದದ್ದು ಸರ್ಕಾರದ ಹೊಣೆ. ಸರ್ಕಾರ ತೋರಿಸಿದ್ದು ಸರ್ವಿಸ್ ರಸ್ತೆಯನ್ನು.

ಕಬ್ಬು ಕಟಾವಿನ ಕಾಲದಲ್ಲಿ ಆ ಸರ್ವಿಸ್ ರಸ್ತೆಯನ್ನೊಮ್ಮೆ ನೋಡಬೇಕು. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್. ಎರಡರಲ್ಲೂ ಕಬ್ಬು ಎರಡೂ ಬದಿಗೆ ಮೊಳದುದ್ದ ಚಾಚಿಕೊಂಡಿರುತ್ತದೆ. ಹಿಂದಿನಿಂದ ಹಾರನ್ ಬಾರಿಸುವ ಬಸ್ಸು, ಎದುರಿಗೆ ರಾಂಗ್ ಸೈಡಿನಲ್ಲಿ ಬರುವ ಬೈಕು. ಇವುಗಳ ಸಂದಿಯಲ್ಲಿ ಬ್ಯಾಗು ಹೊತ್ತು ಹೈಸ್ಕೂಲಿನ ಹುಡುಗಿ ಸೈಕಲ್ ತುಳಿಯಬೇಕು. ಹೀಗಿರುವಾಗ ಯಾವ ತಾಯಿ ಮಗಳನ್ನು ಧೈರ್ಯವಾಗಿ ಸೈಕಲ್ ಹತ್ತಿಸುತ್ತಾಳೆ? 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ಕೋವಿಡ್ ಬಂದ ಮೇಲೆ ಆ ಯೋಜನೆ ನಿಂತುಹೋಯಿತು. ಅದನ್ನು ಮತ್ತೆ ಆರಂಭಿಸಿ ಎಂಬ ಕೂಗು ನ್ಯಾಯವಾದದ್ದೇ. ಆ ಸೈಕಲ್ಲನ್ನು ತುಳಿಯುವುದು ಎಲ್ಲಿ ಎಂದು ಮಾತ್ರ ಯಾರೂ ಕೇಳುತ್ತಿಲ್ಲ.

ಅದಕ್ಕೆ ಉತ್ತರ ನಮ್ಮ ಮಂಡ್ಯ ಜಿಲ್ಲೆಯಲ್ಲೇ ಇದೆ. ಹಿಂದೆ ಇರ್ವಿನ್ ನಾಲೆ ಎನಿಸಿಕೊಂಡಿದ್ದ ವಿಶ್ವೇಶ್ವರಯ್ಯ ನಾಲೆ ಕನ್ನಂಬಾಡಿ ಅಣೆಕಟ್ಟೆಯಿಂದ ಹೊರಟು, ಹುಲಿಕೆರೆ ಸುರಂಗದಲ್ಲಿ ಗುಡ್ಡ ದಾಟಿ, ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆಗೆ ಕವಲೊಡೆಯುತ್ತದೆ. ಸುಮಾರು 2 ಲಕ್ಷ ಎಕರೆಗೆ ಅದರದೇ ನೀರು. ಮಂಡ್ಯದಲ್ಲಿ 1933ರಲ್ಲಿ ಸಕ್ಕರೆ ಕಂಪನಿ ತಲೆ ಎತ್ತಿದ್ದು ಈ ನೀರಿನ ಬಲದಿಂದ. ಮದ್ದೂರು ಶಾಖಾ ನಾಲೆ, ತುರುಗನೂರು ಶಾಖಾ ನಾಲೆ, ಹೆಬ್ಬಕವಾಡಿ ನಾಲೆ, ಅವುಗಳಿಂದ ಒಡೆದ ಉಪನಾಲೆಗಳು: ಬಹುತೇಕ ಎಲ್ಲದರ ಮಗ್ಗುಲಲ್ಲೂ ಒಂದು ಏರಿ ದಾರಿ ಇದೆ. ಎಂಜಿನಿಯರು ತಪಾಸಣೆಗೆ ಹೋಗಲು, ನೀರುಗಂಟಿ ತೂಬು ಎತ್ತಲು ಇಳಿಸಲು ಮಾಡಿಕೊಂಡ ದಾರಿ ಅದು. ಗುಡ್ಡದ ತಪ್ಪಲನ್ನು ಬಳಸಿಕೊಂಡು ನೀರು ತಾನಾಗಿ ಹರಿಯುವಂತೆ ನಾಲೆ ತೋಡಿರುವುದರಿಂದ, ಸುತ್ತಲ ನೆಲ ಎಷ್ಟೇ ಏರಿಳಿದರೂ ಏರಿ ಮಾತ್ರ ಹೆಚ್ಚುಕಡಿಮೆ ಸಮತಟ್ಟಾಗಿ ಸಾಗುತ್ತದೆ. ಗ್ರಾವೆಲ್ ಮಣ್ಣು ಹಾಕಿ ರೋಲರ್ ಹೊಡೆದರೆ ಹನ್ನೆರಡರ ಹುಡುಗನೂ ಎಪ್ಪತ್ತರ ಅಜ್ಜನೂ ಉಸಿರು ಕಟ್ಟದೆ ತುಳಿಯಬಹುದು.

ಆದರೆ ನಾಲೆ ಆಧುನೀಕರಣದ ಮಾತು ಬಂದಾಗಲೆಲ್ಲ ಏರಿಗೂ ಡಾಂಬರು ಹಾಕಿ ಎಂಬ ಬೇಡಿಕೆ ಜೊತೆಗೇ ಬರುತ್ತದೆ. ಡಾಂಬರು ಬಿದ್ದರೆ ಅಭಿವೃದ್ಧಿ, ಮಣ್ಣು ಉಳಿದರೆ ಹಿಂದುಳಿದ ಊರು ಎಂಬ ಲೆಕ್ಕ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಈ ಲೆಕ್ಕಕ್ಕೆ ನಾವು ಹೆಣಗಳನ್ನು ತೆತ್ತಿದ್ದೇವೆ. 2018ರ ನವೆಂಬರ್ 24, ಶನಿವಾರ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ಇದೇ ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಸತ್ತರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. 2023ರ ನವೆಂಬರಿನಲ್ಲಿ ಬನಘಟ್ಟದ ಬಳಿ ಕಾರು ನಾಲೆಗೆ ಬಿದ್ದು ಐವರು ಹೋದರು. ದುರಂತವಾದಾಗ ನಾಯಕರು ಬರುತ್ತಾರೆ, ಪರಿಹಾರ ಘೋಷಿಸುತ್ತಾರೆ, ತಡೆಗೋಡೆ ಕಟ್ಟಿಸುತ್ತೇವೆ ಎನ್ನುತ್ತಾರೆ. ತಡೆಗೋಡೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತುಂಬಿ ಹರಿಯುವ ನಾಲೆಯ ಅಂಚಿನಲ್ಲಿ ವೇಗದ ವಾಹನಗಳನ್ನು ಬಿಡುವುದೇಕೆ ಎಂಬ ಪ್ರಶ್ನೆ ಅದಕ್ಕೂ ಮುಂಚಿನದು. ಮಣ್ಣಿನ ಏರಿಯ ಮೇಲೆ ನಿಧಾನವಾಗಿ ಹೋಗುತ್ತಿದ್ದ ಚಾಲಕ ಡಾಂಬರು ಬಿದ್ದ ಮರುದಿನವೇ ಎಂಬತ್ತಕ್ಕೆ ಏರುತ್ತಾನೆ. ನಾಲೆ ಮಾತ್ರ ಅಷ್ಟೇ ಹತ್ತಿರ, ಅಷ್ಟೇ ಆಳ.

ಇಂಥದೇ ಜಗಳ ಅಮೆರಿಕದಲ್ಲೂ ನಡೆದಿತ್ತು. ವಾಷಿಂಗ್ಟನ್ನಿನಿಂದ ಕಂಬರ್‌ಲ್ಯಾಂಡ್‌ವರೆಗೆ ಪೊಟೊಮ್ಯಾಕ್ ನದಿಯ ಪಕ್ಕದಲ್ಲಿ ಸುಮಾರು 297 ಕಿಲೋಮೀಟರ್ ಉದ್ದದ ಹಳೆಯ ನಾಲೆಯಿದೆ. ಅದರ ಗುಂಟ ಕಾರುಗಳಿಗೆ ರಸ್ತೆ ಮಾಡುವ ಯೋಜನೆ ಬಂದಾಗ ‘ವಾಷಿಂಗ್ಟನ್ ಪೋಸ್ಟ್’ ಸಂಪಾದಕೀಯ ಬರೆದು ಬೆಂಬಲಿಸಿತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ 1954ರಲ್ಲಿ ಆ ಸಂಪಾದಕರನ್ನೇ ಕರೆದು, ನನ್ನ ಜೊತೆ ಈ ಏರಿಯ ಮೇಲೆ ನಡೆದು ನೋಡಿ, ಆಮೇಲೆ ಬರೆಯಿರಿ ಎಂದರು. ಅವರು ಬಂದರು, ನಡೆದರು, ಪತ್ರಿಕೆ ತನ್ನ ನಿಲುವು ಬದಲಿಸಿತು. 1971ರಲ್ಲಿ ಆ ನಾಲೆ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ಇಂದು ಅಲ್ಲಿ ಕಾರಿಲ್ಲ. ಜನ ನಡೆಯುತ್ತಾರೆ, ಸೈಕಲ್ ತುಳಿಯುತ್ತಾರೆ. ಕಾರು ಬಿಟ್ಟು ಒಂದು ಬೆಳಗ್ಗೆ ನಾಲೆ ಏರಿಯ ಮೇಲೆ ಬನ್ನಿ ಎಂದು ನಮ್ಮ ಶಾಸಕರನ್ನು, ಸಂಸದರನ್ನು, ಕಾವೇರಿ ನೀರಾವರಿ ನಿಗಮದ ಎಂಜಿನಿಯರುಗಳನ್ನು ನಾನೂ ಕರೆಯುತ್ತೇನೆ.

ಏರಿಯನ್ನು ಹೊರಗಿನ ವಾಹನಗಳಿಗೆ ಮುಚ್ಚಿ ಸೈಕಲ್ಲಿಗೆ ಬಿಡಿ ಎಂಬ ಮಾತಿಗೆ ರೈತರ ಕಡೆಯಿಂದ ಬರುವ ಆಕ್ಷೇಪ ಗಟ್ಟಿಯಾದದ್ದು. ಏರಿ ಮುಚ್ಚಿದರೆ ಕಬ್ಬು ಸಾಗಿಸುವುದು ಹೇಗೆ, ಗೊಬ್ಬರ ಹೊಡೆಯುವುದು ಹೇಗೆ? ಅವರ ದಾರಿಗೆ ಅಡ್ಡ ನಿಲ್ಲುವ ಯಾವ ಯೋಜನೆಯೂ ಈ ಜಿಲ್ಲೆಯಲ್ಲಿ ಬದುಕುವುದಿಲ್ಲ, ಬದುಕಲೂ ಬಾರದು. ಆ ನಾಲೆಯ ಅಚ್ಚುಕಟ್ಟಿನ ರೈತರ ಟ್ರ್ಯಾಕ್ಟರು, ಗಾಡಿ, ನಿಗಮದ ಜೀಪು, ಆಂಬುಲೆನ್ಸು ಎಂದಿನಂತೆ ಓಡಾಡಲಿ. ಎರಡೂ ತುದಿಗೆ ಗೇಟು ಹಾಕಿ, ಬದಿಯಲ್ಲಿ ಸೈಕಲ್ ನುಸುಳುವಷ್ಟು ಜಾಗ ಬಿಟ್ಟು, ಬೀಗದ ಕೈ ನೀರು ಬಳಕೆದಾರರ ಸಂಘದ ಬಳಿ ಇರಲಿ. ಒಂದು ಊರಿಗೆ ಏರಿ ಬಿಟ್ಟರೆ ಬೇರೆ ರಸ್ತೆಯೇ ಇಲ್ಲವೆಂದಾದರೆ ಅಲ್ಲಿ ಡಾಂಬರೂ ಬರಲಿ, ತಡೆಗೋಡೆಯೂ ಏಳಲಿ. ನನ್ನ ತಕರಾರು ಹೆದ್ದಾರಿಯ ಟೋಲ್ ಉಳಿಸಲು, ಟ್ರಾಫಿಕ್ ತಪ್ಪಿಸಲು ಏರಿ ಹಿಡಿದು ಬರುವ ವಾಹನಗಳ ಮೇಲೆ.

ಮಳವಳ್ಳಿಯ ಕೊನೆ ಭಾಗದ ರೈತರು ಇನ್ನೊಂದು ಮಾತು ಕೇಳುತ್ತಾರೆ: ನಮ್ಮ ಗದ್ದೆಗೆ ನೀರೇ ತಲುಪುತ್ತಿಲ್ಲ, ನಿಮಗೆ ಸೈಕಲ್ ದಾರಿಯ ಚಿಂತೆಯೇ? ಅವರ ಸಿಟ್ಟು ಸರಿ. ಅದಕ್ಕೇ ನಾನು ದೊಡ್ಡ ದುಡ್ಡು ಕೇಳುತ್ತಿಲ್ಲ. ಕಾವೇರಿ ಆರತಿಗೆ 92 ಕೋಟಿ ರೂಪಾಯಿಯ ಯೋಜನೆ ಮಾಡಬಲ್ಲ ಸರ್ಕಾರಕ್ಕೆ ಗ್ರಾವೆಲ್ಲು, ಗೇಟು, ತಿರುವುಗಳಲ್ಲಿ ಕಂಬಿ ಭಾರವಲ್ಲ. ಉತ್ತರ ಪ್ರದೇಶದಲ್ಲಿ 2016ರಲ್ಲಿ ಇಟಾವಾ–ಆಗ್ರಾ ನಡುವೆ 207 ಕಿಲೋಮೀಟರಿನ ಸೈಕಲ್ ಹೆದ್ದಾರಿ ಕಟ್ಟಿ, ಬಳಿಕ ಪಾಳು ಬಿಟ್ಟರು. ನಮ್ಮ ಏರಿಗೆ ಆ ಗತಿ ಬರಬೇಕಿಲ್ಲ, ಏಕೆಂದರೆ ಅದು ದಿನಾ ಬಳಕೆಯಲ್ಲಿದೆ. ನೀರುಗಂಟಿ ದಿನವೂ ಓಡಾಡುವ ಏರಿ ಸುಸ್ಥಿತಿಯಲ್ಲಿದ್ದರೆ ನಾಲೆ ಬಿರುಕು ಬಿಟ್ಟದ್ದೂ ಬೇಗ ಕಣ್ಣಿಗೆ ಬೀಳುತ್ತದೆ. ಅದರ ಲಾಭ ಕೊನೆ ಭಾಗಕ್ಕೇ.

ಸೈಕಲ್ ಪ್ರವಾಸೋದ್ಯಮದ ಆಸೆ ಇರುವವರಿಗೂ ಒಂದು ಮಾತು. ಹಲಗೂರಿನಿಂದಾಚೆಗಿನ ಗುಡ್ಡ, ಮುತ್ತತ್ತಿಯ ಕಾಡು ಚೆಲುವಾದ ಜಾಗ ನಿಜ. ಆದರೆ ಅದು ಕಾವೇರಿ ವನ್ಯಜೀವಿಧಾಮ, ಆನೆಗಳ ಮನೆ. ಮಳವಳ್ಳಿ, ಮದ್ದೂರಿನ ಹೊಲಗಳಿಗೆ ಆನೆ ಇಳಿಯುತ್ತಿರುವಾಗ ಕಾಡಿನೊಳಗೆ ಹೊಸ ದಾರಿ ತೆರೆಯುವುದು ಅವಿವೇಕ. ಕಾಡಿನ ಗಡಿಯಲ್ಲಿ ಸೈಕಲ್ ನಿಲ್ಲಲಿ. ಅದರ ಹೊರಗೇ ಬೇಕಾದಷ್ಟಿದೆ: ಆರೆತಿಪ್ಪೂರಿನ ಜೈನ ಬೆಟ್ಟ, 1938ರ ಧ್ವಜ ಸತ್ಯಾಗ್ರಹದ ಶಿವಪುರ, 1902ರಿಂದ ವಿದ್ಯುತ್ ಕೊಟ್ಟ ಶಿವನಸಮುದ್ರದ ಗಗನಚುಕ್ಕಿ. ಕೊಕ್ಕರೆ ಬೆಳ್ಳೂರಿನ ಜನ ಊರ ಹುಣಸೆ ಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆಗಳನ್ನು ಮನೆಮಕ್ಕಳಂತೆ ಕಾಯ್ದಿದ್ದಕ್ಕೆ 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಅಂಥ ಊರಿಗೆ ಕಾರಿನ ಸಾಲಿಗಿಂತ ಸೈಕಲ್ಲಿನಲ್ಲಿ ಬರುವ ಅತಿಥಿ ಒಳ್ಳೆಯವನು. ದಾರಿಯಲ್ಲಿ ಎಳನೀರು ಕುಡಿಯುವವನೂ ಆಲೆಮನೆಯಲ್ಲಿ ಬೆಲ್ಲ ಕೊಳ್ಳುವವನೂ ಅವನೇ.

ಹಾಗಾಗಿ ಬೇಡಿಕೆ ಇಷ್ಟು. ಏರಿಗೆ ಡಾಂಬರು ಹಾಕುವ ಹೊಸ ಟೆಂಡರ್ ಕರೆಯುವ ಮೊದಲು ನಿಗಮವು ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ತಾಲ್ಲೂಕಿನಲ್ಲಿ ಯಾವ ಏರಿಗೆ ಪರ್ಯಾಯ ರಸ್ತೆ ಇದೆ, ಯಾವುದಕ್ಕೆ ಇಲ್ಲ ಎಂದು ಗುರುತಿಸಿ ಪಟ್ಟಿಯನ್ನು ಗ್ರಾಮಸಭೆಗಳ ಮುಂದಿಡಲಿ. ಪರ್ಯಾಯ ಇರುವ ಕಡೆ ಹೊರಗಿನ ಮೋಟಾರು ವಾಹನ ನಿಷೇಧಿಸಿ, ಪ್ರೌಢಶಾಲೆಗಳಿರುವ ಊರುಗಳಿಂದಲೇ ಕೆಲಸ ಶುರುವಾಗಲಿ. ನಿಂತುಹೋದ ಸೈಕಲ್ ಯೋಜನೆ ಮರಳಲಿ. ಹೆದ್ದಾರಿಯಿಂದ ಸೈಕಲ್ಲನ್ನು ಇಳಿಸಲು ಒಂದು ಆದೇಶ ಸಾಕಾಗಿತ್ತು. ನಾಲೆ ಏರಿಯನ್ನು ಅದಕ್ಕೆ ಬಿಟ್ಟುಕೊಡಲು ಇನ್ನೊಂದು ಆದೇಶ ಹೊರಡಿಸಲಿ.